ತೀರ್ಥದ ಬಾಟ್ಲಿ

ಜುಲೈ 22, ಮಂಗಳವಾರ. ಬೆಳಗಿನ ಐದು

ದೊಡ್ಡ ಪಾತ್ರೆಯ ನೀರು ಕುದಿಸಿ ಇಳಿಸಿದೆ. ಸೋಸಿ, ಮುಚ್ಚಿ, ಕಿಟಕಿಯ ಹತ್ತಿರ ಆರಲಿಟ್ಟಿದ್ದೇನೆ. ಅನ್ವಿತಾಳ ಬಾಟ್ಲಿ ಬೇರೆ ಕುದಿಯುತ್ತಿದೆ. ಇನ್ನು ಮಲಗಿ ಪ್ರಯೋಜನವಿಲ್ಲ. ಮಲಗಿದರೂ ನಿದ್ದೆ ಎಲ್ಲಿ... ಎಂಟು ತಿಂಗಳ ಮಗು ಒಮ್ಮೆ ಕೆಮ್ಮಿದರೆ ಸಾಕು, ಎದ್ದು ಕೂತು ಹಣೆ ಮುಟ್ಟಿ ನೋಡುತ್ತೇನೆ.

ನೆರೆ ಇಳಿದಿದೆ. ಬೈಲಿಗೆ ಬೈಲೇ ಕೆಸರು. ಕೊಳೆತ ಭತ್ತದ ನೇಜಿಯ ವಾಸನೆ ಒಳಕೋಣೆಯವರೆಗೆ. ನಮ್ಮ ಮನೆಯ ಮೆಟ್ಟಿಲಿಗೆ ಬಂದು ನಿಂತ ನೀರು ಪಕ್ಕದ ದೇವಸ್ಥಾನದ ಅಂಗಳಕ್ಕೆ ನುಗ್ಗಿತ್ತು. ಬಾವಿಕಟ್ಟೆ ಕಾಣದಷ್ಟು. ಕೆಳಬೈಲಿನ ಮನೆಗಳಲ್ಲಿ ಎದೆಮಟ್ಟ. ಚಂದ್ರಮತಿಯಕ್ಕನ ಸೊಸೆ ದೀಕ್ಷಾಳನ್ನು ಗಂಡ ವಿಶಾಲ್ ಹೊತ್ತು ತಂದು ನಮ್ಮ ಜಗಲಿಯಲ್ಲಿ ಕೂರಿಸಿದ. ಬಸುರಿ, ಆರಕ್ಕೆ ಬಿದ್ದಿದೆ. ಹಿಂದಿನ ಸಲದ್ದು ಉಳಿದಿರಲಿಲ್ಲ. ಹಲ್ಲು ಕಟಕಟ ಅನ್ನುವಷ್ಟು ನಡುಗುತ್ತಿದ್ದಳು. ಚಂದ್ರಮತಿಯಕ್ಕ ಅಲ್ಲಿಂದಲೇ ಗರ್ಭಗುಡಿಯ ಕಡೆ ತಿರುಗಿದರು.

"ಅಮ್ಮಾ, ಇದೊಂದ್ ಉಳ್ಸಿ ಕೊಡ್. ಹೆರುವರಿಗೂ ದಿನಾ ಇವ್ಳಿಗೆ ನಿನ್ ತೀರ್ಥ ಕುಡ್ಸ್ತೆ. ಒಂದ್ ದಿನವೂ ತಪ್ಪುಸುದಿಲ್ಲ."

ನಮ್ಮ ಮಾವನೇ ಅಲ್ಲಿ ಅರ್ಚಕರು. ಪೂಜೆ ಮುಗಿಸಿ ಬಂದು ಉದ್ಧರಣೆಯಲ್ಲಿ ತೀರ್ಥ ಕೊಟ್ಟರು. ದೀಕ್ಷಾ ಕುಡಿದು ಅಂಗೈಯನ್ನು ತಲೆಗೆ ಸವರಿಕೊಂಡಳು. ನಡುಕ ನಿಂತಿತು. ನಿಜವಾಗಿಯೂ ನಿಂತಿತು.

ಜುಲೈ 24, ಗುರುವಾರ

ಆಶಾ ಕಾರ್ಯಕರ್ತೆ ವಿಜೇತಾ ಬ್ಲೀಚಿಂಗ್ ಪೌಡರ್ ಹಿಡಿದು ಬಂದಿದ್ದಳು. ಮನೆಯ ಬಾವಿಗೆ ಹಾಕಿಸಿಕೊಂಡೆವು. ಎರಡು ದಿನ ಮುಟ್ಟಬೇಡಿ ಅಂದಳು. ದೇವಸ್ಥಾನದ ಬಾವಿಯ ಹತ್ತಿರ ಹೋದದ್ದೇ, ಅತ್ತೆ ಅಡ್ಡ ನಿಂತರು.

"ಅದಕ್ಕ್ ಬ್ಯಾಡ ಹೆಣೆ. ಇವ್ರ್ ಪಂಪ್ ಹಚ್ಚಿ ಪೂರಾ ಖಾಲಿ ಮಾಡ್ಸಿ ಪುಣ್ಯಾಹ ಮಾಡಿದ್ರ್. ಶುದ್ಧ ಆಯ್ತಲೆ."

"ಪುಣ್ಯಾಹ ಇರ್ಲಿ ಪದ್ಮಾಕ್ಷಿಯಮ್ಮ, ಪೌಡರೂ ಇರ್ಲಿ. ಒಂದಕ್ಕೊಂದ್ ಜಗಳ ಮಾಡುದಿಲ್ಲ."

"ಕಕ್ಕಸ್ ತೊಳು ವಾಸ್ನಿ ನೀರಂಗೆ ಅಮ್ಮಂಗ್ ಅಭಿಷೇಕ ಮಾಡುದಾ? ನಿನ್ ತಲಿ ಮೇಲ್ ಹೊಯ್ದ್ರೆ ಸುಮ್ನಿರ್ತ್ಯಾ?"

"ನನ್ ತಲಿಗೆ ದಿನಾ ಅದೇ ನೀರಲ್ದಾ ಅಮ್ಮ!" — ನಕ್ಕುಬಿಟ್ಟಳು ವಿಜೇತಾ. ಅತ್ತೆಗೂ ನಗು ಬಂತು, ಆದರೆ ಜಾಗ ಬಿಡಲಿಲ್ಲ. ಅವಳಿಗೆ ಇನ್ನೂ ಎಷ್ಟೋ ಮನೆ ಬಾಕಿ. ಹೋದಳು.

ನಾನು ನಡುವೆ ಬಾಯಿ ಹಾಕಲಿಲ್ಲ. ಆ ಬಾವಿಯ ನೀರು ಯಾರೂ ಕುಡಿಯುವುದಿಲ್ಲ, ಬರೇ ಅಭಿಷೇಕಕ್ಕೆ. ಹೀಗೆಯೇ ಅಂದುಕೊಂಡೆ.

ಆಗಸ್ಟ್ 3, ಭಾನುವಾರ

ಜ್ವರ ಶುರುವಾಗಿದೆ. ಇಲಿಜ್ವರ ಅಂತೆ. ಕೆಸರು ಬಾಚಿದವರಿಗೆ, ಗದ್ದೆಗಿಳಿದವರಿಗೆ. ಚಂದ್ರಮತಿಯಕ್ಕನ ಗಂಡ ಬಚ್ಚಣ್ಣ ಕುಂದಾಪುರದ ಆಸ್ಪತ್ರೆಯಲ್ಲಿದ್ದಾರೆ. ಕಾಲಿನ ಮೀನಖಂಡ ಹಿಂಡಿ ಎಳೆದ ಹಾಗೆ ನೋವು, ಕಣ್ಣು ಕೆಂಡ. ವಿಜೇತಾ ಮಾತ್ರೆ ಹಂಚುತ್ತಾ ತಿರುಗುತ್ತಿದ್ದಾಳೆ. ನೀರು ಎಲ್ಲೆಲ್ಲಿ ಹೋಗಿತ್ತೋ ಕಾಯಿಲೆಯೂ ಅದೇ ದಾರಿ ಹಿಡಿದಿದೆ. ನೋಡಿದರೆ ಗೊತ್ತಾಗುತ್ತದೆ. ಗೊತ್ತಾಗುವ ಕಾಯಿಲೆಗೆ ಹೆದರಿಕೆ ಕಡಿಮೆ.

ಅನ್ವಿತಾಳನ್ನು ಅಂಗಳಕ್ಕೆ ಇಳಿಸುತ್ತಿಲ್ಲ. ಇವರು — ಶ್ರೀಕರ — ಸೊಸೈಟಿಯ ಕೆಲಸದಿಂದ ಬಂದರೆ ಕಾಲು ತೊಳೆದು, ಡೆಟ್ಟಾಲ್ ಹಾಕಿ ಮತ್ತೊಮ್ಮೆ ತೊಳೆದ ಮೇಲೆಯೇ ಮಗು ಕೈಗೆ. "ನಿನ್ ಗಲಾಟಿ ಕಂಡ್ರೆ ನಾ ಇಲಿಯೇ ಸೈ" ಅನ್ನುತ್ತಾರೆ. ಅನ್ನಲಿ.

ಆಗಸ್ಟ್ 8, ಶುಕ್ರವಾರ

ಚಂದ್ರಮತಿಯಕ್ಕ ಗೇರುಬೀಜದ ಫ್ಯಾಕ್ಟರಿಗೆ ಮತ್ತೆ ಹೊರಟಿದ್ದಾರೆ. ಮಾವನ ಪೂಜೆ ಮುಗಿಯುವ ಮೊದಲೇ ಅವರ ಬಸ್ಸು. ಆದ್ದರಿಂದ ಬೆಳಿಗ್ಗೆ ಖಾಲಿ ಬಾಟ್ಲಿ ನಮ್ಮ ಜಗಲಿಯ ದಂಡೆಯಲ್ಲಿ ಇಟ್ಟು ಹೋಗುತ್ತಾರೆ. ಪೂಜೆಯಾದ ಮೇಲೆ ಮಾವ ತುಂಬಿಸುತ್ತಾರೆ. ನಾನು ಅನ್ವಿತಾಳನ್ನು ಸೊಂಟಕ್ಕೇರಿಸಿಕೊಂಡು ದೀಕ್ಷಾಳಿಗೆ ಕೊಟ್ಟು ಬರುತ್ತೇನೆ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅವಳು ಕುಡಿಯಬೇಕು. ಹರಕೆ ಹಾಗೆ.

ಅವರ ಮನೆಯ ಗೋಡೆಯಲ್ಲಿ ಇನ್ನೂ ನೀರಿನ ಗೆರೆ ಇದೆ. ಒಲೆಯ ಮೇಲೆ ಕುದಿಯುವ ನೀರಿನ ಪಾತ್ರೆ. ವಿಶಾಲ್ ಎರಡು ಹೊತ್ತೂ ಕುದಿಸಿಯೇ ಕೊಡುತ್ತಾನಂತೆ.

"ಅಕ್ಕ, ನಮ್ಮತ್ತಿಗ್ ಹೇಳ್ಬ್ಯಾಡಿ. ನಿನ್ನೆ ಚಾ ಕುಡ್ದ್ ಮ್ಯಾಲೆ ತೀರ್ಥ ಕುಡ್ದೆ."

"ಅಮ್ಮನವರಿಗೆ ಗೊತ್ತಾಯ್ತಲ್ಲ ಮಾರಾಯ್ತಿ."

"ಅವ್ರೂ ಹೆತ್ತವ್ರಲ್ದಾ. ಬೆಳಿಗ್ಗೆ ಹ್ಯಾಂಗ್ ಹಸಿವಾತ್ತ್ ಅಂದ್ ಗೊತ್ತಿರತ್."

ನಕ್ಕೆವು. ನೆರೆಯ ನಂತರ ನಾನು ನಕ್ಕದ್ದು ಅವಳ ಹತ್ತಿರವೇ. ತನ್ನ ಹೊಟ್ಟೆ ಮುಟ್ಟಿಸಿದಳು. ಒಳಗಿನಿಂದ ಒದೆ.

ಆಗಸ್ಟ್ 23, ಶನಿವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಅನ್ವಿತಾಳಿಗೆ ಹಲ್ಲು ಬರುವ ಜ್ವರ. ಹಲ್ಲಿನದ್ದೇ ಹೌದೋ ಅಂತ ಎರಡು ಸಲ ಕೋಟದ ಡಾಕ್ಟರ ಹತ್ತಿರ ಓಡಿದೆ.

ಸೋಣೆ ತಿಂಗಳು ಶುರುವಾಗಿದೆ. ಬೆಳಿಗ್ಗೆ ಹೊಸ್ತಿಲು ತೊಳೆದು, ರಂಗೋಲಿ ಬರೆದು, ಹೂವಿಟ್ಟು ಪೂಜೆ. ದೇವಸ್ಥಾನಕ್ಕೂ ಜನ ಜಾಸ್ತಿ. ಬಚ್ಚಣ್ಣ ಗುಣವಾಗಿ ಮನೆಗೆ ಬಂದರು. ಕೋಲು ಹಿಡಿದು ನಡೆಯುತ್ತಾರೆ.

ಈಗ ಕಾಮಾಲೆ.

ಮೇಲುಕೇರಿಯ ಪ್ರಣೀತಾಳಿಗೆ ಮೊದಲು. ಪಿಯುಸಿ ಹುಡುಗಿ, ಭಜನೆಗೆ ದಿನಾ ಬರುವವಳು. ಆಮೇಲೆ ಅವಳ ಅಪ್ಪನಿಗೆ. ಆಮೇಲೆ ರಸ್ತೆಯಾಚೆಯ ಮೇಷ್ಟ್ರ ಮನೆಯಲ್ಲಿ ಇಬ್ಬರಿಗೆ. ಮೇಲುಕೇರಿಗೆ ನೆರೆಯ ನೀರು ಹೋಗಿಯೇ ಇಲ್ಲ! ಪ್ರಣೀತಾಳ ಮನೆಯಲ್ಲಿ ಗೋಡೆಗೆ ಫಿಲ್ಟರ್ ಇದೆ. ಮೇಷ್ಟ್ರ ಹೆಂಡತಿ ನನಗಿಂತ ಹೆಚ್ಚು ಕುದಿಸುವವರು. ಮುಳುಗಿದ ಕೆಳಬೈಲಿನಲ್ಲಿ ಒಬ್ಬರಿಗೂ ಇಲ್ಲ.

ಇದು ಯಾವ ದಾರಿಯಲ್ಲಿ ಬರುತ್ತಿದೆ? ಬೆಳಗಾದರೆ ಅನ್ವಿತಾಳನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿನ ಬಿಳಿ ನೋಡುತ್ತೇನೆ. ಅವಳು ಆಟ ಅಂದುಕೊಂಡು ನಗುತ್ತಾಳೆ.

ಆಗಸ್ಟ್ 25, ಸೋಮವಾರ

ಗೊತ್ತಾಯಿತು. ಗೊತ್ತಾಗದಿದ್ದರೆ ಒಳ್ಳೆಯದಿತ್ತು.

ಬೆಳಿಗ್ಗೆ ಮಹಾಪೂಜೆ. ತೀರ್ಥಕ್ಕೆ ಸಾಲು. ನಾನು ಕಂಬದ ಹತ್ತಿರ, ಮಗು ಅತ್ತೆಯ ಕೈಯಲ್ಲಿ. ಮಾವ ಒಬ್ಬೊಬ್ಬರ ಅಂಗೈಗೆ ಉದ್ಧರಣೆ ಬಗ್ಗಿಸುತ್ತಿದ್ದರು. ಮೇಷ್ಟ್ರ ಹೆಂಡತಿ ಕುಡಿದರು. ಹೊರಗೆ ಮದುವೆ ಮನೆಯಲ್ಲಿ ಕೂಡ ಬ್ಯಾಗಿನಿಂದ ಬಿಸಿನೀರಿನ ಫ್ಲಾಸ್ಕ್ ತೆಗೆಯುವವರು. ಇಲ್ಲಿ ಕಣ್ಣು ಮುಚ್ಚಿ, ಸುರಿದು, ಕುಡಿದರು. ಯಾಕೆಂದರೆ ಅದು ನೀರಲ್ಲ. ತೀರ್ಥ. ನಾವು ಯಾರೂ ಅದನ್ನು ನೀರು ಅಂತ ಎಣಿಸಿಯೇ ಇಲ್ಲ.

ಕೆಳಬೈಲಿನವರು ನೆರೆಯಾದ ಮೇಲೆ ನೆಂಟರ ಮನೆ, ಆಸ್ಪತ್ರೆ ಅಂತ ದೇವಸ್ಥಾನದ ಕಡೆ ಬಂದೇ ಇಲ್ಲ. ಮೇಲುಕೇರಿಯವರು ದಿನಾ ಬಂದರು.

ಬಾವಿಯ ಹಿಂಬದಿ ಭಕ್ತರಿಗೆಂದು ಕಟ್ಟಿಸಿದ ಹೊಸ ಕಕ್ಕಸು. ಅದರ ಗುಂಡಿ ಬಾವಿಯಿಂದ ಎಷ್ಟು ದೂರ... ನೆರೆಗೆ ಅದರ ಮುಚ್ಚಳವೇ ತೇಲಿ ಹೋಗಿತ್ತಲ್ಲ.

ಅಷ್ಟರಲ್ಲಿ ಅತ್ತೆ ಬೆರಳದ್ದಿ ಅನ್ವಿತಾಳ ತುಟಿಗೆ ಸವರಿದರು. ಕಸಿದುಕೊಂಡು ಹೊರಗೆ ಓಡಿದೆ. ಸೆರಗಿನಿಂದ ಉಜ್ಜಿ ಉಜ್ಜಿ ಒರೆಸಿದೆ. ಅತ್ತುಬಿಟ್ಟಳು. "ಎಂತಾಯ್ತ್ ಇವ್ಳಿಗೆ?" ಅಂತ ಅತ್ತೆ ಹಿಂದಿನಿಂದ.

ಆಮೇಲೆ ಮನೆಯ ಮೆಟ್ಟಿಲಿಳಿಯುವಾಗ ಜಗಲಿಯ ದಂಡೆಯ ಮೇಲೆ ಕಂಡದ್ದು ದೀಕ್ಷಾಳ ಬಾಟ್ಲಿ. ತುಂಬಿಸಿ ಇಟ್ಟಿದ್ದರು.

ಅದೇ ದಿನ, ಸಂಜೆ

ಇವರಿಗೆ ಹೇಳಿದೆ. ಕೇಳಿದರು. ಸುಳ್ಳು ಅನ್ನಲಿಲ್ಲ. ಅದೇ ನನಗೆ ಹೆದರಿಕೆ.

"ಹೌದಾಯ್ಕು. ಆದ್ರೆ ಅಪ್ಪಯ್ಯನ್ ಎದುರ್ ಹ್ಯಾಂಗ್ ಹೇಳುದ್? ಅಮ್ಮನ ತೀರ್ಥದಿಂದ ಕಾಮಾಲಿ ಬಂತ್ ಅಂದ್? ನಾಳೆ ಊರಂಗೆ ತಲಿ ಎತ್ತುಕಾತ್ತಾ?"

"ದೀಕ್ಷಾ ಬಸುರಿ. ಬಸುರಿಯರಿಗೆ ಇದು ಬಂದರೆ—"

"ಅವ್ಳಿಗ್ ಕೊಡ್ಬ್ಯಾಡ ಅಷ್ಟೆ. ಉಳ್ದದ್ ಕಾಂಬೊ."

ಕೊಡಬೇಡ ಅಂದರೆ? ಹರಕೆ. ಒಂದು ದಿನ ಬಾಟ್ಲಿ ಹೋಗದಿದ್ದರೆ ಚಂದ್ರಮತಿಯಕ್ಕ ಜಗಲಿಯಲ್ಲಿ ಬಂದು ನಿಲ್ಲುತ್ತಾರೆ. ಯಾಕೆ ಅಂತ ಹೇಳಬೇಕು. ಹೇಳಿದರೆ ಸಂಜೆಯೊಳಗೆ ಫ್ಯಾಕ್ಟರಿಯಿಡೀ ಸುದ್ದಿ.

ಬಚ್ಚಲಿಗೆ ಹೋಗಿ ಬಾಟ್ಲಿ ಚೆಲ್ಲಿದೆ. ಬಿಸಿನೀರಿನಲ್ಲಿ ತೊಳೆದೆ. ಕುದಿಸಿ ಆರಿಸಿದ ನೀರು ತುಂಬಿಸಿ, ಒಂದು ತುಳಸಿ ಎಲೆ, ಚಿಟಿಕೆ ಪಚ್ಚಕರ್ಪೂರ, ಸ್ವಲ್ಪ ಗಂಧ. ಮೂಸಿ ನೋಡಿದೆ. ತೀರ್ಥದ್ದೇ ವಾಸನೆ. ಕೊಟ್ಟು ಬಂದೆ.

ಆಗಸ್ಟ್ 30, ಶನಿವಾರ

ಐದಾರು ದಿನದಿಂದ ಹೀಗೇ ನಡೆದಿದೆ.

"ಅಕ್ಕ, ಇತ್ತಿತ್ಲಾಗೆ ಬಾಟ್ಲಿ ಉಗುರ್ಬೆಚ್ಚಗ್ ಇರತ್ತಲೆ" ಅಂದಳು ದೀಕ್ಷಾ.

"ಬಿಸಿಲಿಗೆ ಇಟ್ಟಿದ್ದೆ."

ಮಳೆ ಬರುತ್ತಿತ್ತು ಆಗ. ಅವಳು ನನ್ನ ಮುಖ ನೋಡಿದಳು. ಮತ್ತೆ ಕೇಳಲಿಲ್ಲ. ಹೇಳಿಬಿಡಬೇಕಿತ್ತು ಅವಳಿಗಾದರೂ. ಹೇಳಿದರೆ ಮೊದಲಿನ ದಿನಗಳದ್ದು ನೆನೆದು ಹೆದರುತ್ತಾಳೆ. ಫೋನಿನಲ್ಲಿ ಓದಿದ್ದೇನೆ: ಈ ಕಾಯಿಲೆ ಒಳಗೆ ಹೊಕ್ಕು ಎರಡು ತಿಂಗಳವರೆಗೂ ಸುಮ್ಮನೆ ಕೂತಿರಬಹುದು. ಆಮೇಲೆ ಎದ್ದು ಬರುತ್ತದೆ. ಬಸುರಿಯರಲ್ಲಿ, ಅದೂ ಏಳು ತಿಂಗಳ ನಂತರ... ಓದುವುದನ್ನು ನಿಲ್ಲಿಸಿದೆ. ಮತ್ತೆ ತೆಗೆದು ಓದಿದೆ.

ಸಾಲಿನಲ್ಲಿ ಉಳಿದವರು ಕುಡಿಯುತ್ತಲೇ ಇದ್ದಾರೆ. ನಾನು ನೋಡುತ್ತಲೇ ಇದ್ದೇನೆ. ಹಾಸಿಗೆಗೆ ಬಿದ್ದರೆ ಉದ್ಧರಣೆಯಿಂದ ನೀರು ಬೀಳುವುದೇ ಕಣ್ಣಿಗೆ.

ಸೆಪ್ಟೆಂಬರ್ 9, ಮಂಗಳವಾರ

ಬಾಟ್ಲಿ ಕೊಡಲು ಹೋದಾಗ ದೀಕ್ಷಾ ಮಲಗಿದ್ದಳು. ಊಟ ಬೇಡ, ಒಗ್ಗರಣೆಯ ವಾಸನೆಗೇ ವಾಂತಿ. ಬಾಗಿಲ ಬೆಳಕಿಗೆ ಕರೆದು ಕಣ್ಣ ರೆಪ್ಪೆ ಎಳೆದು ನೋಡಿದೆ.

ಹಳದಿ.

ಚಂದ್ರಮತಿಯಕ್ಕನಿಗೆ ಹೇಳಿದೆ. "ಈಗಲೇ ಮಣಿಪಾಲಕ್ಕೆ ಹೋಗಿ. ಈಗಲೇ."

"ಕಾಮಾಲಿಗ್ ಇಂಗ್ಲಿಷ್ ಮದ್ದ್ ಇಲ್ಲ ಸಣ್ಣಮ್ಮ. ಬ್ರಹ್ಮಾವರದ ಬದಿಯಂಗೆ ಒಬ್ರ್ ಸೊಪ್ಪಿನ್ ಮದ್ದ್ ಕೊಡ್ತ್ರ್. ಉಪ್ಪಿಲ್ಲ, ಎಣ್ಣಿ ಇಲ್ಲ, ಗಂಜಿ. ಪ್ರಣೀತಂಗೂ ಅದ್ರಲ್ಲೇ ಕಮ್ಮಿ ಆಯ್ತ್."

"ಪ್ರಣೀತಾ ಬಸುರಿ ಅಲ್ಲವಲ್ಲ ಚಂದ್ರಮತಿಯಕ್ಕ!"

"ಅಮ್ಮನ ತೀರ್ಥ ಒಳ್ಗ್ ಹೋತಾ ಇತ್ತಲೆ. ನಂಗ್ ಹೆದ್ರಿಕಿ ಇಲ್ಲ" ಅಂದರು. ಅಂದು ನನ್ನ ಕೈಯಿಂದ ಬಾಟ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ವಿಶಾಲ್‌ಗೆ ಫೋನ್ ಮಾಡಿದೆ. ಆಟೋ ಬಾಡಿಗೆಯಲ್ಲಿ ಬೈಂದೂರಿನಲ್ಲಿದ್ದ. ಅಮ್ಮನನ್ನು ಕೇಳಿ ಹೇಳುತ್ತೇನೆ ಅಂದ.

ಸೆಪ್ಟೆಂಬರ್ 13, ಶನಿವಾರ

ಇವತ್ತು ಬೆಳಿಗ್ಗೆ ದೀಕ್ಷಾ ವಿಶಾಲನನ್ನು "ನೀವ್ ಯಾರ್?" ಅಂತ ಕೇಳಿದಳಂತೆ. ಸೀರೆ ತಿರುಗಿಸಿ ಉಟ್ಟುಕೊಂಡು ಒಲೆಯ ಮುಂದೆ ಸುಮ್ಮನೆ ಕೂತಿದ್ದಳಂತೆ. ಆಗ ಹೊರಟರು. ಅವನ ಆಟೋದಲ್ಲೇ ಕುಂದಾಪುರ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಮಣಿಪಾಲ. ಐಸಿಯು.

ನಾಲ್ಕು ದಿನ ಸೊಪ್ಪಿನ ರಸದಲ್ಲಿ ಹೋಯಿತು. ಆ ನಾಲ್ಕು ದಿನವೂ ನಾನು ಬರೇ "ಹೋಗಿ, ಹೋಗಿ" ಅಂದೆ. ಯಾಕೆ ಅಂತ ಪೂರ್ತಿ ಹೇಳಲಿಲ್ಲ. ಹೇಳಿದ್ದರೆ ಹೋಗುತ್ತಿದ್ದರೋ ಏನೋ.

ಸೆಪ್ಟೆಂಬರ್ 15, ಸೋಮವಾರ

ಇವರ ಜೊತೆ ಮಣಿಪಾಲಕ್ಕೆ ಹೋಗಿದ್ದೆ. ಒಳಗೆ ಬಿಡಲಿಲ್ಲ. ಹೊರಗೆ ಬೆಂಚಿನಲ್ಲಿ ಚಂದ್ರಮತಿಯಕ್ಕ, ತೊಡೆಯ ಮೇಲೆ ಬಾಟ್ಲಿ. ಶನಿವಾರ ನಾನು ತುಂಬಿಸಿ ಕೊಟ್ಟದ್ದು. ನರ್ಸ್ ಬಾಗಿಲು ತೆಗೆದಾಗ ನುಸುಳಿ ಎರಡು ಹನಿ ತುಟಿಗೆ ಹಾಕಬೇಕಂತೆ.

ಪಕ್ಕದಲ್ಲಿ ಕೂತು ಹೇಳಿದೆ. ಎಲ್ಲ. ಬಾವಿ, ಗುಂಡಿ, ಮೇಲುಕೇರಿ. ಕುದಿಸಿದ ನೀರು ತುಂಬಿಸಿದ್ದು.

ಅವರು ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಇದ್ ತೀರ್ಥ ಅಲ್ದಾ?"

"ಅಲ್ಲ."

"ಯಾವಾಗಿಂದ?"

"ಸೋಣೆ ಶುರುವಾದ ಮೇಲೆ."

"ಅವ್ಳಿಗ್ ಹುಷಾರ್ ತಪ್ಪಿದ್ದ್?"

ಉತ್ತರಕ್ಕೆ ಕಾಯದೆ ಅವರೇ ಹೇಳಿದರು.

"ಅದೇ ಕಾಣಿ. ನಾ ತಲಿ ಕೆಡ್ಸ್ಕಂಡ್ ಕೂತಿದ್ದೆ, ಎಲ್ ತಪ್ಪಿತ್ ಅಂದ್. ತೀರ್ಥ ಕುಡುವರಿಗೂ ಹುಡ್ಗಿ ಗಟ್ಟಿ ಇತ್ತಲೆ. ನೀವ್ ನಿಲ್ಸಿದ್ರಿ, ಬಿತ್ತ್. ನನ್ ಹರ್ಕಿ ಮುರ್ದದ್ದ್ ನೀವ್."

"ಇಲ್ಲ ಚಂದ್ರಮತಿಯಕ್ಕ, ಅದು ಮೊದಲೇ ಒಳಗೆ ಹೋಗಿ—"

"ಕಲ್ತವ್ರ್ ನೀವ್. ಎಂತ ಬೇಕಾರೂ ಹೇಳ್ತ್ರಿ."

ಬಾಟ್ಲಿಯನ್ನು ಅಲ್ಲೇ ಕಸದ ಡಬ್ಬಿಗೆ ಹಾಕಿದರು. ಬೆಂಚಿನ ಆ ಕೊನೆಗೆ ಹೋಗಿ ಕೂತರು.

ಅವರ ಲೆಕ್ಕ ನೋಡಿದರೆ ಸರಿಯಾಗಿಯೇ ಕೂರುತ್ತದೆ. ಅದೇ ನನ್ನನ್ನು ತಿನ್ನುತ್ತಿದೆ.

ಸೆಪ್ಟೆಂಬರ್ 16, ಮಂಗಳವಾರ

ಮಾವನಿಗೂ ಹೇಳಿದೆ. ಇನ್ನು ಉಳಿಸಿಕೊಂಡು ಏನು.

ಹೂವಿನ ಬುಟ್ಟಿ ಕೆಳಗಿಟ್ಟು ಕೇಳಿದರು. ಬೈಯಲಿಲ್ಲ. "ನಾನೂ ದಿನಾ ಕುಡೀತೆ ಅಲ್ದಾ ಮಗಾ. ನಂಗ್ ಎಂತ ಆಯ್ಲಿಲ್ಲಲೆ" ಅಂದರು. ಮತ್ತೆ — "ಪ್ರಣೀತನೂ ಇದ್ರಿಂದ್ಲೇಯಾ?"

"ಹೌದು ಮಾವ."

"ಆ ಹೆಣ್ಣ್ ಎರಡೆರಡ್ ಸಲ ಕೈ ಒಡ್ಡ್ತಿತ್ತ್. ನಾ ನೆಗ್ಯಾಡ್ಕಂಡ್ ಕೊಡ್ತಿದ್ದೆ."

ಬಾವಿಗೆ ಪೌಡರ್ ಹಾಕಿಸೋಣ ಅಂದೆ. ತಂತ್ರಿಗಳನ್ನು ಕೇಳಬೇಕು ಅಂದರು. ತಂತ್ರಿಗಳು ಬೇರೆ ಊರಿನಲ್ಲಿ, ಬರುವುದು ಮುಂದಿನ ವಾರ. ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ರಾತ್ರಿ ನನಗೆ ಬಡಿಸಲಿಲ್ಲ. ಅನ್ವಿತಾಳನ್ನು ಮಾತ್ರ ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು.

ಸೆಪ್ಟೆಂಬರ್ 18, ಗುರುವಾರ

ನಿನ್ನೆ ಹೆರಿಗೆ. ಗಂಡು. ಅಂಗೈ ಅಗಲದ ಮಗು ಅಂದ ವಿಶಾಲ್, ಫೋನಿನಲ್ಲಿ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಉಸಿರಾಡುತ್ತಿದೆ. ದೀಕ್ಷಾಳಿಗೆ ಇನ್ನೂ ಎಚ್ಚರವಿಲ್ಲ. ಮೂಗಿನಿಂದ ರಕ್ತ ನಿಲ್ಲುತ್ತಿಲ್ಲ, ಬಾಟ್ಲಿ ಮೇಲೆ ಬಾಟ್ಲಿ ಕೊಡುತ್ತಿದ್ದಾರಂತೆ.

"ಅಕ್ಕ, ಅಮ್ಮ ಹೇಳುದ್ ನಿಜವಾ?" ಅಂತ ಕೇಳಿದ. ಬಾಟ್ಲಿಗೆ ಬೇರೆ ನೀರು ತುಂಬಿಸಿದ್ದು ನಿಜ ಅಂದೆ. "ಹರ್ಕಿದಲ್ಲ... ಬಾಮಿದ್?" ಬಾವಿಯದ್ದೂ ನಿಜ ಅಂದೆ. ಹಿಂದೆ ಯಾರದ್ದೋ ಹೆಸರು ಕೂಗುತ್ತಿದ್ದರು.

ಸೆಪ್ಟೆಂಬರ್ 20, ಶನಿವಾರ. ಬೆಳಿಗ್ಗೆ ಹತ್ತು

ಈಗಲೇ ಬರೆದಿಡುತ್ತೇನೆ.

ಪೂಜೆ ಮುಗಿದು ತೀರ್ಥಕ್ಕೆ ಸಾಲು ನಿಂತಿತ್ತು. ಚಂದ್ರಮತಿಯಕ್ಕ ಮೊದಲ ಬಸ್ಸಿಗೆ ಮಣಿಪಾಲದಿಂದ ಬಂದಿದ್ದರು. ಉಟ್ಟ ಸೀರೆ ಸೋಮವಾರದ್ದೇ. ನನ್ನನ್ನು ದಾಟಿ ನೇರ ಮಾವನ ಮುಂದೆ ಹೋದರು. ಹೊಸ ಬಾಟ್ಲಿ.

"ಭಟ್ರೆ, ಕೊಡಿ. ನಿಮ್ ಕೈಯ್ಯಾರೆ ಕೊಡಿ. ಬ್ಯಾರೆಯವ್ರ್ ಮುಟ್ಟುದ್ ಬ್ಯಾಡ."

"ಹುಡ್ಗಿಗಾ ಚಂದ್ರಮತಿ?"

"ಹುಡ್ಗಿ ಬಾಯಿಗೆ ಪೈಪ್ ಹಾಕಿರ್. ಮಗಿಗೆ. ನಾಲ್ಗಿಗ್ ಒಂದ್ ಹನಿ. ಇವತ್ತ್ ನನ್ ಎದಿ ಮೇಲ್ ಮಲ್ಗ್ಸುಕ್ ಕೊಡ್ತ್ರಂಬ್ರ್. ನರ್ಸ್ ಕಾಣ್ದಿದ್ದಂಗ್ ಹಚ್ತೆ. ಇದಾರೂ ಉಳೀಲಿ."

ಮಾವ ನನ್ನ ಕಡೆ ನೋಡಿದರು. ಬಾಟ್ಲಿಯ ಕಡೆ ನೋಡಿದರು. ಮೊಮ್ಮಗುವಿಗೆ ಅಂತ ಕೈಯೊಡ್ಡಿ ನಿಂತವರಿಗೆ ಇಲ್ಲ ಅಂದು ಅವರಿಗೆ ಅಭ್ಯಾಸವೇ ಇಲ್ಲ. ತೀರ್ಥದ ತಂಬಿಗೆ ಬಗ್ಗಿಸಿದರು. ಕತ್ತಿನವರೆಗೂ ತುಂಬಿತು.

ಅನ್ವಿತಾಳನ್ನು ಇವರ ಕೈಗೆ ಕೊಟ್ಟು ಹೋದೆ. ಚಂದ್ರಮತಿಯಕ್ಕನ ಕೈಯಿಂದ ಬಾಟ್ಲಿ ಎಳೆದುಕೊಂಡೆ. ಅಂಗಳದಲ್ಲಿ ತಲೆಕೆಳಗು ಮಾಡಿದೆ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ತುಳಸಿ ಎಲೆ ಕಲ್ಲಿಗಂಟಿತು. ಅತ್ತೆ "ಅಯ್ಯೋ ದೇವ್ರೇ" ಅಂತ ಕೂಗಿಕೊಂಡರು. ನಾನು ಅದಕ್ಕಿಂತ ದೊಡ್ಡದಾಗಿ ಕೂಗಿದೆ. ನನ್ನ ದನಿ ಅಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ.

"ಯಾರೂ ಕುಡಿಬ್ಯಾಡಿ! ಬಾವಿ ಕೆಟ್ಟಿದೆ. ಕಾಮಾಲೆ ಇದರಿಂದಲೇ. ಯಾರೂ ಕುಡಿಬ್ಯಾಡಿ!"

ಚಂದ್ರಮತಿಯಕ್ಕ ಕೆನ್ನೆಗೆ ಹೊಡೆದರು. ಹೊಡೆದು, ಅಲ್ಲೇ ನೆಲದಲ್ಲಿ ಕೂತು, ಒದ್ದೆ ಮಣ್ಣನ್ನು ಕೈಯಿಂದ ಒತ್ತಿ ಒತ್ತಿ ಸೆರಗಿಗೆ ಹಿಂಡಿಕೊಳ್ಳುತ್ತಿದ್ದರು. ಇವರು ಹೋಗಿ ಎಬ್ಬಿಸಬೇಕಾಯಿತು. ಮೇಷ್ಟ್ರ ಹೆಂಡತಿ ಒಡ್ಡಿದ್ದ ಅಂಗೈಯನ್ನು ಮೆಲ್ಲನೆ ಸೆರಗಿಗೆ ಒರೆಸಿಕೊಂಡರು. ಒಬ್ಬೊಬ್ಬರೇ ಸಾಲು ಬಿಟ್ಟರು. ಕೆಲವರು ಬಿಡಲಿಲ್ಲ.

ಮಾವ ಉದ್ಧರಣೆ ಹಿಡಿದು ನಿಂತಲ್ಲೇ ನಿಂತಿದ್ದರು, ನಾನು ಒಳಗೆ ಬರುವಾಗ.

ಕೆನ್ನೆ ಉರಿಯುತ್ತಿದೆ. ಅಂಗಳದಲ್ಲಿ ಚಂದ್ರಮತಿಯಕ್ಕನ ದನಿ, ನನ್ನ ಹೆಸರು ಹಿಡಿದು ಶಪಿಸುತ್ತಿದ್ದಾರೆ. ಶಪಿಸಲಿ. ಬಾಟ್ಲಿ ಖಾಲಿಯಿದೆ. ಖಾಲಿಯೇ ಹೋಗಲಿ ಆ ಮಗುವಿನ ಹತ್ತಿರ.

ಫೋನ್. ವಿಶಾಲ್.

ಅವನ ಅಮ್ಮ ಇಲ್ಲೇ ಅಂಗಳದಲ್ಲಿದ್ದಾರೆ, ಫೋನ್ ಅವರ ಸೊಂಟದಲ್ಲೇ ಇದೆ. ಅವರಿಗೆ ಮಾಡದೆ ನನಗೆ ಯಾಕೆ... ತಾಯಿಗೆ ನೇರ ಹೇಳಲಾಗದ್ದು ಏನಾಗಿದೆ ಅಲ್ಲಿ?